ಅಕ್ಕಯ್ಯಮ್ಮ ಹಾಕಿದ ಗಂಟು

ಇನ್ನೂ ಮಬ್ಬುಗತ್ತಲೆ. ವಿಜಯಪುರದ ಓಣಿಯಲ್ಲಿ ಬೇಯುವ ರೇಷ್ಮೆಗೂಡಿನ ವಾಸನೆ ಆಗಲೇ ಎದ್ದಿದೆ. ಅಪ್ಪಯ್ಯಣ್ಣನವರ ನೂಲು ತೆಗೆಯುವ ಶೆಡ್ಡಿನ ಕೊನೆಯ ಬೇಸಿನ್ ಮುಂದೆ ಕೂತ ಮುನಿತಾಯಮ್ಮ ಹಬೆಯಾಡುವ ನೀರಿಗೆ ಬೆರಳು ಇಳಿಸುತ್ತಾರೆ. ಮುಖ ಒಂದಿಷ್ಟೂ ಕಿವುಚುವುದಿಲ್ಲ. ತೇಲುವ ಗೂಡುಗಳಿಂದ ಕಂಡೂ ಕಾಣದ ಎಳೆಗಳನ್ನು ಹೆಕ್ಕಿ, ಒಟ್ಟು ಸೇರಿಸಿ, ತಿರುಗುವ ರಾಟೆಗೆ ಹತ್ತಿಸುತ್ತಾರೆ. ಪಕ್ಕದ ಬೇಸಿನ್ ಖಾಲಿ.

ಮದುವೆಮನೆಯಲ್ಲಿ ಸೀರೆಯ ಸೆರಗನ್ನು ಮುಟ್ಟಿ ಮುಟ್ಟಿ ನೋಡುತ್ತೇವಲ್ಲ, ಈ ಕೈಯನ್ನು ಯಾರು ನೋಡಿದ್ದಾರೆ? ಬೆರಳ ತುದಿ ನೆನೆದು ಬಿಳುಚಿದೆ, ಸಂದುಗಳಲ್ಲಿ ಚರ್ಮ ಬಿರಿದಿದೆ. ದಿನಕ್ಕೆ ಆರೇಳು ಕೆ.ಜಿ. ಗೂಡು, ಒಂಬತ್ತು ಗಂಟೆ ಬಿಸಿನೀರು, ಈ ಎಪ್ಪತ್ನಾಲ್ಕಕ್ಕೆ ಹೀಗೇ ಹತ್ತೊಂಬತ್ತು ವರ್ಷ. ಐವತ್ತೈದನೇ ಇಸವಿಯಲ್ಲಿ ಗಂಡ ಮುನಿಸ್ವಾಮಿ ತೀರಿಕೊಂಡ ಮೇಲೆ ಕೆಲಸಕ್ಕೆ ಬಂದವರು. ಮಕ್ಕಳಿಲ್ಲ. ಸಂಜೆ ಮನೆಗೆ ಹೋದರೆ ಒಂದು ಮುದ್ದೆ, ಒಂದು ಚಾಪೆ.

ಹೊಗೆಸೊಪ್ಪು ಅಂಟಿದ್ದು ಆ ಮೊದಲ ವರ್ಷವೇ. ಕೈ ಉರಿಗೆ ಅದೇ ಮದ್ದು ಎಂದು ಯಾರೋ ಹೇಳಿದರು, ಇವರು ನಂಬಿದರು. ಉರಿ ಮರೆಯಲೆಂದು ಹಾಕಿಕೊಂಡದ್ದು ಬರಬರುತ್ತಾ ಉರಿಯಿಲ್ಲದ ರಜೆಯ ದಿನವೂ ಬೇಕಾಯಿತು. "ಕೈ ನೋಯ್ತದೆ ಅಂದ್ರೆ ಯಾರ್ ಕೇಳ್ತಾರೆ ಸ್ವಾಮಿ? ಒಂಚೂರು ಸೊಪ್ಪು ಕೊಡಿ ಅಂದ್ರೆ ಒಬ್ರಾದ್ರೂ ತಿರುಗಿ ನೋಡ್ತಾರೆ" ಎನ್ನುತ್ತಾರೆ.

ಹೋದ ವರ್ಷ ಕೆನ್ನೆಯ ಒಳಗೆ ಬಿಳಿ ಮಚ್ಚೆ ಕಂಡಿತು. ಬಿಡದಿದ್ದರೆ ಜೀವಕ್ಕೇ ಸಂಚಕಾರ ಎಂದು ಡಾಕ್ಟರು ಗದರಿದರು. ಬಿಡುವುದೇನೋ ಸರಿ, ಆಮೇಲೆ ಬಿಸಿನೀರಿಗೆ ಕೈ ಇಡುವುದು ಹೇಗೆ? ಮೂರು ಸಲ ಬಿಟ್ಟರು, ಮೂರು ಸಲವೂ ಮಧ್ಯಾಹ್ನದೊಳಗೆ ಸೋತರು.

ಆಮೇಲೊಂದು ದಿನ ಗೂಡು ರಾಶಿ ಬಿದ್ದಿತ್ತು, ಮೇಲೇಳಲು ಪುರಸೊತ್ತಿಲ್ಲ. ಸೊಂಟದಲ್ಲಿ ಎಲೆಅಡಿಕೆ ಸಂಚಿ ಇದೆಯಲ್ಲ, ಆಮೇಲೆ ಹಾಕಿಕೊಂಡರಾಯಿತು ಅಂದುಕೊಂಡು ದುಡಿದರು. ಕೈ ಚಕಾರ ಎತ್ತಲಿಲ್ಲ. ಊಟದ ಹೊತ್ತಿಗೆ ಬಿಚ್ಚಿ ನೋಡಿದರೆ ಸಂಚಿಯಲ್ಲಿ ಸೊಪ್ಪೇ ಇಲ್ಲ! "ಖಾಲಿ ಅಂತ ಕಂಡಿದ್ದೇ ತಡ, ಉರಿ ಮೊಣಕೈವರ್ಗೂ ಹತ್ಬಿಡ್ತು. ಅದೇ ನೀರು, ಅದೇ ಕೈ. ಅಂಗಾದ್ರೆ ಬೆಳಗ್ಗಿಂದ ಈ ಉರಿ ಎಲ್ಲಿತ್ತು?"

ಪಕ್ಕದ ಬೇಸಿನ್ನಿನ ಅಕ್ಕಯ್ಯಮ್ಮ ಇದನ್ನು ಕೇಳಿ ನಗಲಿಲ್ಲ, ಪುಣ್ಯಾತ್ಗಿತ್ತಿ. ಮರುದಿನದಿಂದ ಬೆಳಿಗ್ಗೆ ಸಂಚಿಯನ್ನು ಇಸಿದುಕೊಂಡು, ಆ ಕಡೆ ತಿರುಗಿ, ಬಿಗಿಯಾಗಿ ಗಂಟು ಹಾಕಿ ಕೊಡತೊಡಗಿದರು. ಒಳಗೆ ಸೊಪ್ಪು ಇಟ್ಟಿದ್ದಾರೋ ಇಲ್ಲವೋ ಹೇಳುವುದಿಲ್ಲ. ತಡೆಯಲಾರದ ದಿನ ಬಿಚ್ಚಿಕೋ ಅಂದಿದ್ದರು. ಸಂಜೆ ಗಂಟು ಹಾಗೇ ಇದ್ದರೆ ಬೆನ್ನು ಸವರುತ್ತಿದ್ದರು. ಮುನಿಸ್ವಾಮಿ ಹೋದ ಮೇಲೆ ಆ ಬೆನ್ನು ಮುಟ್ಟಿದವರು ಅವರೊಬ್ಬರೇ.

ಯುಗಾದಿ ಕಳೆದ ಮೇಲೆ ಅಕ್ಕಯ್ಯಮ್ಮ ನಂದಗುಡಿಗೆ, ಮಗಳ ಮನೆಗೆ ಹೊರಟುಹೋದರು. ಹೊರಡುವ ಬೆಳಿಗ್ಗೆ ಕೊನೆಯ ಗಂಟು ಹಾಕಿ ಕೊಟ್ಟರು. ಅದು ಇವತ್ತಿಗೂ ಹಾಗೇ ಇದೆ, ಬೆವರಿಗೆ ಕಪ್ಪಾಗಿದೆ. ನೋವು ಹೋಗಿದೆ ಎಂದರೆ ಸುಳ್ಳಾಗುತ್ತದೆ. ಅದರಲ್ಲೂ ಸಂಜೆ ಒಬ್ಬರೇ ಕೂತಾಗ ಬೆರಳು ತಾನಾಗಿ ಸೊಂಟಕ್ಕೆ ಹೋಗುತ್ತದೆ, ಗಂಟು ಸವರಿ ವಾಪಸು ಬರುತ್ತದೆ.

ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಮುನಿತಾಯಮ್ಮ ಒಮ್ಮೆ ಪಕ್ಕದ ಖಾಲಿ ಜಾಗ ನೋಡುತ್ತಾರೆ.

"ಒಂದ್ಸಲ ನಂದಗುಡಿಗೆ ಹೋಗ್ಬೇಕು. ಈ ಗಂಟು ಅವಳ ಕೈಲೇ ಬಿಚ್ಚಿಸ್ಬೇಕು."