ಕೆಂಪಿಲ್ಲದ ಆಕಾಶ

ಜಪಾನು ಆಧುನಿಕವಾದ ಕತೆಯನ್ನು ನಾನು ಚಿತ್ರ ತೋರಿಸಿಯೇ ಪಾಠ ಮಾಡುವುದು. ತಾಂಬರಂ ಹತ್ತಿರದ ನಮ್ಮ ಕಾಲೇಜಿನಲ್ಲಿ ಈ ಸಲ ಒಂದೇ ಚಿತ್ರಕ್ಕೆ ಪೂರ್ತಿ ಒಂದು ವಾರ ಕೊಟ್ಟೆ. ಮರದ ಅಚ್ಚಿನಲ್ಲಿ ಒತ್ತಿದ ಹಳೇ ಚಿತ್ರ. ಹೊಸ ರೈಲು, ನೋಡಲು ಮುಗಿಬಿದ್ದ ಜನ, ಮೇಲೆ ರಕ್ತದಂಥ ಆಕಾಶ. "ರೈಲು ಬಿಡಿ, ಆ ಕೆಂಪು ನೋಡಿ. ಆ ಬಣ್ಣವೇ ಯುರೋಪಿನಿಂದ ಹಡಗು ಹತ್ತಿ ಬಂದದ್ದು" ಎಂದು ದಿನಾ ಬಾಯಿ ಬಡಿದುಕೊಂಡೆ.

ಪರೀಕ್ಷೆಯಲ್ಲೂ ಅದೇ ಚಿತ್ರ ಕೊಟ್ಟು, ಇದರ ಬಣ್ಣ ಏನು ಹೇಳುತ್ತದೆ ಎಂದು ಕೇಳಿದೆ. ಪ್ರಶ್ನೆಪತ್ರಿಕೆ ಜೆರಾಕ್ಸ್ ಆಗಿ ಕಪ್ಪು ಬಿಳುಪಿನಲ್ಲಿ ಬಂತು. ಆಕಾಶವೆಲ್ಲ ಬೂದಿ. ಆದರೂ ಇಡೀ ಕ್ಲಾಸು, "ಇಲ್ಲಿನ ಕೆಂಪು ಕಣ್ಣು ಕುಕ್ಕುತ್ತದೆ" ಎಂದು ನನ್ನ ನೋಟ್ಸನ್ನೇ ಚಾಚೂ ತಪ್ಪದೆ ಇಳಿಸಿತ್ತು. ಒಬ್ಬ ಹುಡುಗಿ ಮಾತ್ರ, "ಈ ಚಿತ್ರದಲ್ಲಿ ಕೆಂಪೇ ಇಲ್ಲ" ಎಂದು ಒಂದು ಸಾಲು ಬರೆದು ಬಿಟ್ಟಿದ್ದಳು. ಅವಳಿಗೆ ಸೊನ್ನೆ.

ಪೇಪರ್ ತಿದ್ದಿದ ಮೇಡಂ ಹತ್ತಿರ ಓಡಿದೆ. "ಮೇಡಂ, ಇಷ್ಟು ಜನರಲ್ಲಿ ಚಿತ್ರ ನೋಡಿದ್ದು ಇವಳೊಬ್ಬಳೇ!"

"ನಾನೇನು ಮಾಡ್ಲಿ ಸಾರ್? ಕೀ ಆನ್ಸರ್‌ನಲ್ಲಿ ಹಾಗೇ ಇದ್ಯಲ್ಲ," ಎಂದು ಅವರು ಹಾಳೆ ಮುಂದಕ್ಕೆ ಸರಿಸಿದರು.

ಓದಿದೆ. "ಆಕಾಶ ಕೆಂಪು ಎಂದು ಬರೆಯದವರಿಗೆ ಅಂಕ ಕೊಡಬಾರದು." ಕೈಬರಹ ನನ್ನದೇ. ಕೆಳಗೆ ಕೆಂಪು ಶಾಯಿಯಲ್ಲಿ ಗೆರೆ ಬೇರೆ ಎಳೆದಿದ್ದೆ.