ಹಸೆಮಣೆಯ ಮೇಲಿನ ಪಾಸ್‌ಪೋರ್ಟು

ವಿನೋಬನಗರದಲ್ಲಿ ಶರಾವತಿಯ ಆನ್‌ಲೈನ್ ಸೇವೆಯ ಅಂಗಡಿಗೂ ನನ್ನ ಟೈಲರಿಂಗ್ ಅಂಗಡಿಗೂ ನಡುವೆ ಇರುವುದು ಒಂದು ಪ್ಲೈವುಡ್ ಗೋಡೆ. ಅಲ್ಲಿ ಕೆಮ್ಮಿದರೆ ಇಲ್ಲಿ ಕೇಳುತ್ತದೆ. ಕದ್ದು ಕೇಳುವ ಚಾಳಿ ನನಗಿಲ್ಲ. ಹಾಗಂತ ಕಿವಿ ಮುಚ್ಚಿಕೊಂಡು ಬ್ಲೌಸ್ ಹೊಲಿಯುವುದಕ್ಕೆ ಆಗುತ್ತದೆಯೇ?

ಶರಾವತಿ ಮೊದಲು ಬಸ್‌ಸ್ಟ್ಯಾಂಡಿನ ಹತ್ತಿರ ಕೊಡೆ ಕೆಳಗೆ ಕೂತು ಸಿಮ್ ಮಾರುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಈ ಅಂಗಡಿ ಹಾಕಿದಳು. ಬಾಯಿ ಜೋರು, ಕೈ ನಿಧಾನ. ಚಿಪ್ ಇರುವ ಹೊಸ ಪಾಸ್‌ಪೋರ್ಟು ಬಂದ ಮೇಲೆ ಅವಳಿಗೆ ಹೊಸ ಗಿರಾಕಿಗಳು ಹುಟ್ಟಿಕೊಂಡರು. ಹೊರದೇಶಕ್ಕೆ ಅರ್ಜಿ ಹಾಕಿದವರಿಗೆ ಕೆಲವು ಆಪ್‌ಗಳು, ಪಾಸ್‌ಪೋರ್ಟಿನ ಮೇಲೆ ಫೋನ್ ಇಟ್ಟು ರಟ್ಟಿನೊಳಗಿನ ಚಿಪ್ ಓದಿಸಿ ಅನ್ನುತ್ತವೆ. ಜನ ಇಸ್ತ್ರಿ ಹಾಕಿದ ಹಾಗೆ ಫೋನನ್ನು ಮೇಲಿಂದ ಕೆಳಗೆ ಉಜ್ಜುತ್ತಾರೆ. ಅದು ಓದುವುದಿಲ್ಲ. ಆಮೇಲೆ ಇವಳನ್ನು ಹುಡುಕಿಕೊಂಡು ಬರುತ್ತಾರೆ.

ಮೊದಲ ಗಿರಾಕಿ ಬಂದಾಗ ಇವಳೂ ಮಧ್ಯಾಹ್ನವಿಡೀ ಒದ್ದಾಡಿದ್ದಳು. ಅವಳ ಮೇಜು ಸ್ಟೀಲಿನದು. ಲೋಹ ತಗುಲಿಕೊಂಡಿದ್ದರೆ ಚಿಪ್ ಬಾಯಿ ಬಿಡುವುದಿಲ್ಲ ಅಂತ ಗೊತ್ತಾಗುವ ಹೊತ್ತಿಗೆ ಇಬ್ಬರೂ ಬೆವೆತುಹೋಗಿದ್ದರು. ಮಾರನೇ ದಿನ ಅಟ್ಟದ ಮೇಲಿದ್ದ ತನ್ನ ಮದುವೆಯ ಹಸೆಮಣೆ ತಂದು ಆ ಮೇಜಿನ ಮೇಲಿಟ್ಟಳು. ಅಂದಿನಿಂದ ಪಾಸ್‌ಪೋರ್ಟು ಮಣೆಯ ಮೇಲೆ, ಕವರ್ ಕಳಚಿದ ಫೋನು ಪಾಸ್‌ಪೋರ್ಟಿನ ಮೇಲೆ, ಗಿರಾಕಿಯ ಕೈ ಅವರವರ ತೊಡೆಯ ಮೇಲೆ. “ಮದುಮಗಳು ಕೂತಿದ್ದಾಳೆ, ಅಲ್ಲಾಡಿಸ್ಬೇಡಿ,” ಅನ್ನುತ್ತಾಳೆ. ಯಾರಾದರೂ ಚಡಪಡಿಸಿದರೆ, “ಆತುರಗಾರನಿಗೆ ಬುದ್ಧಿ ಮಟ್ಟ,” ಅಂತ ಮುಖಕ್ಕೇ ಹೇಳುತ್ತಾಳೆ.

ಹೋದ ತಿಂಗಳು ಒಂದು ಸಂಜೆ ಭದ್ರಾವತಿಯಿಂದ ರಂಜಿನಿ ಅನ್ನುವ ನರ್ಸ್ ಬಂದಳು. ಬೈಕಿನಲ್ಲಿ ಕರೆತಂದ ಗಂಡ ಕಾಂತರಾಜ್ ಒಳಗೆ ಹೋಗದೆ ನನ್ನ ಅಂಗಡಿಯ ಮುಂದೆಯೇ ನಿಂತ. ಜರ್ಮನಿಯ ಒಂದು ಆಸ್ಪತ್ರೆಯಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು. ಡ್ಯೂಟಿ ಮುಗಿಸಿ ಬಂದು ಎರಡು ವರ್ಷ ನಿದ್ದೆಗೆಟ್ಟು ಅಲ್ಲಿನ ಭಾಷೆ ಕಲಿತವಳು. ಅಂದು ಏಳು ಗಂಟೆಯೊಳಗೆ ಚಿಪ್ ಓದಿಸಿ ಕಳಿಸದಿದ್ದರೆ ಆ ಜಾಗ ಬೇರೆಯವರ ಪಾಲು. ಮನೆಯಲ್ಲಿ ಮಾಡಿ ಮಾಡಿ ಸೋತು, ಆಪ್ ಕೊಡುವ ಅವಕಾಶಗಳಲ್ಲಿ ಎರಡನ್ನು ಮಾತ್ರ ಉಳಿಸಿಕೊಂಡು ಬಂದಿದ್ದಳು. ಅವಳ ಫೋನಿನಲ್ಲೇ ಓದಿಸಬೇಕು, ಬೇರೆಯದು ನಡೆಯದು.

“ಕವರ್ ತೆಗಿ,” ಅಂದಳು ಶರಾವತಿ.

“ಇದ್ದ ಹಾಗೇ ಆಗಲ್ವಾ ಅಕ್ಕಾ?”

“ಕೆಲವು ಸಲ ಆಗತ್ತೆ. ನೋಡಾಣ.”

ಆಗಲಿಲ್ಲ. ಇನ್ನು ಉಳಿದದ್ದು ಒಂದೇ. ನಾನು ಮಿಷನ್ ತುಳಿಯುವುದನ್ನು ನಿಲ್ಲಿಸಿದೆ.

“ಮಾರಾಯ್ತಿ, ಕವರಿನೊಳಗೆ ಏನಿಟ್ಕೊಂಡಿದ್ದೀಯ?”

“ಚೌಡಮ್ಮನ ತಗಡು ಅಕ್ಕಾ, ತಾಮ್ರದ್ದು. ಪ್ರಯಾಣ ಸುಸೂತ್ರ ಆಗ್ಲಿ ಅಂತ ಇವ್ರು ಗುಡೀಲಿ ಬರೆಸ್ಕೊಂಡು ಬಂದು, ತಾವೇ ಇಟ್ಟಿದ್ದು. ತೆಗೀಬಾರ್ದು ಅಂದಿದ್ದಾರೆ.”

“ಚೆನ್ನಾಗಿದೆ. ದೇವ್ರು ವರ ಕೊಟ್ರೂ ಪೂಜಾರಿ ಕೊಡ. ತಾಮ್ರ ಅಡ್ಡ ಇದ್ರೆ ಹೆಂಗಮ್ಮಾ ಓದತ್ತೆ? ತೆಗಿ ಅದನ್ನ.”

“ನಾನು ಮುಟ್ಟಲ್ಲ ಅಕ್ಕಾ. ಹೊರಡೋ ಹೊತ್ತಲ್ಲಿ ಏನಾದ್ರೂ ಹೆಚ್ಚುಕಮ್ಮಿ ಆದ್ರೆ?”

ನಾನಾಗಿದ್ದರೆ ಬೈದುಬಿಡುತ್ತಿದ್ದೆ. ಶರಾವತಿ ದೇವರ ಗೊಡವೆಗೆ ಹೋಗಲಿಲ್ಲ. “ಇಟ್ಟೋರೇ ತೆಗೀಲಿ, ಕರಿ ಅವ್ರನ್ನ,” ಅಂದಳು.

ಕಾಂತರಾಜನಿಗೆ ಎಲ್ಲ ಕೇಳಿಸಿತ್ತು. ಕರೆಯುವ ಮೊದಲೇ ಅವನ ಮುಖ ಬಿಳುಚಿಕೊಂಡಿದ್ದನ್ನು ನಾನು ನೋಡಿದೆ. ಅವನು ಒಳಗೆ ಹೋದ ಮೇಲೆ ಕೂರಲಾಗದೆ, ಟೇಪನ್ನು ಕೊರಳಲ್ಲೇ ಹಾಕಿಕೊಂಡು ಹೋಗಿ ಬಾಗಿಲಲ್ಲಿ ನಿಂತೆ.

“ಒಳಗೇ ಬನ್ನಿ ಸತ್ಯಕ್ಕ, ಗೋಡೆಗೆ ಕಿವಿ ಕೊಟ್ಟು ಕುತ್ತಿಗೆ ಉಳುಕೀತು,” ಅಂದಳು ಶರಾವತಿ.

ಕಾಂತರಾಜ್ ಕೇಳಿದ, “ಆ ತಗಡಿನಿಂದಾನೇ ಓದ್ತಾ ಇಲ್ವಾ?”

“ಹೌದು ಕಣ್ರೀ.”

“ಹಾಗಾದ್ರೆ ಚೌಡಮ್ಮ ಕೇಳಿಸ್ಕೊಂಡ್ಳು.” ಅವನು ಹೆಂಡತಿಯ ಕಡೆ ತಿರುಗಿದ. “ನಾನು ಬೇಡ್ಕೊಂಡಿದ್ದು ಪ್ರಯಾಣಕ್ಕಲ್ಲ ರಂಜಿನಿ. ನೀನು ಹೋಗೋ ಹಾಗೆ ಆಗ್ಬಾರ್ದು ಅಂತ. ಹೋದೋಳು ನನ್ನಂಥೋನ ಹತ್ರ ಯಾಕೆ ವಾಪಸ್ ಬರ್ತಾಳೆ ಅಂತ ಹೆದರಿಕೆ ಆಯ್ತು.”

ನನಗೆ ಮೈಯೆಲ್ಲ ಉರಿಯಿತು. ಅವಳ ದಾರಿಗೆ ತಾನೇ ಅಡ್ಡಗಾಲು ಹಾಕಿ, ಒಳ್ಳೆಯದಾಗಲಿ ಅಂತ ಇಟ್ಟೆ ಅಂದಿದ್ದನಲ್ಲ. ರಂಜಿನಿಯ ಕಣ್ಣು ತುಂಬಿತು. ಫೋನನ್ನು ಅವನ ಮುಂದೆ ಮಣೆಯ ಮೇಲಿಟ್ಟು ಕೈಕಟ್ಟಿ ಕೂತಳು.

ಅವನು ಸುಮ್ಮನೆ ಹೊರಗೆ ಹೋಗಿಬಿಡಬಹುದಿತ್ತು. ಏಳು ಹೊಡೆದರೆ ಅವನು ಬೇಡಿದ್ದು ಆಗಿಬಿಡುತ್ತಿತ್ತು. ಶರಾವತಿಯೂ ಅವಸರ ಮಾಡಲಿಲ್ಲ, ಗಡಿಯಾರವನ್ನು ಮಾತ್ರ ಒಂದು ಸಲ ನೋಡಿದಳು. ಕಾಂತರಾಜ್ ಚಪ್ಪಲಿ ಬಿಟ್ಟ. ಕವರ್ ಕಳಚಿದ. ತಗಡನ್ನು ಕಣ್ಣಿಗೊತ್ತಿಕೊಂಡು ಮುಷ್ಟಿಯಲ್ಲಿ ಹಿಡಿದುಕೊಂಡ.

ಶರಾವತಿ ಪಾಸ್‌ಪೋರ್ಟನ್ನು ಮಣೆಯ ನಡುವೆ ಸರಿಸಿ, ಫೋನನ್ನು ಅದರ ಮೇಲೆ ಇಟ್ಟು ಕೈ ತೆಗೆದಳು. “ಉಸಿರಾಡ್ಬಹುದು, ಅಲ್ಲಾಡ್ಬೇಡಿ,” ಅಂದಳು. ಯಾರೂ ಉಸಿರೂ ಆಡಲಿಲ್ಲ. ಫೋನು ಒಮ್ಮೆ ಗುರ್ ಅಂದಿತು. ಪರದೆಯ ಮೇಲೆ ರಂಜಿನಿಯ ಫೋಟೋ ಮೂಡಿತು.

“ಬಂದ್ಲು ನೋಡಿ,” ಅಂದಳು ಶರಾವತಿ.

ರಂಜಿನಿ ಅದನ್ನು ಕಳಿಸಿ ಕಣ್ಣೊರೆಸಿಕೊಂಡಳು. ಕಾಂತರಾಜ್ ತಗಡನ್ನು ಅಂಗಿ ಜೇಬಿಗೆ ಹಾಕಿಕೊಳ್ಳಲು ಹೋದ. ಅವಳು ಕೈಚಾಚಿ ಅದನ್ನು ಈಸಿಕೊಂಡಳು, ಫೋನಿನ ಹಿಂದೆ ಇಟ್ಟು, ಮೇಲಿಂದ ಕವರ್ ಒತ್ತಿ ಕೂರಿಸಿದಳು.

“ಹೋಗ್ತಾ ಗುಡಿ ಹತ್ರ ಗಾಡಿ ನಿಲ್ಸಿ,” ಅಂದಳು. “ವಾಪಸ್ ಬರ್ಲಿ ಅಂತ ಬೇಡ್ಕೊಳ್ಳಿ. ಈ ಸಲ ನಾನೂ ಪಕ್ಕದಲ್ಲಿ ನಿಂತಿರ್ತೀನಿ, ನನಗೆ ಕೇಳೋ ಹಾಗೆ ಹೇಳ್ಬೇಕು.”