ಅವ್ವ ಸೇರಿಸಿದ ‘ಅನ್ನು’

ಮದುವೆಯಾಗಿದೆ ಎಂದೆ. ಕಾಲೇಜಿನ ಗುಮಾಸ್ತರು ನನ್ನ ಬರಿಗೊರಳು ನೋಡಿ ದನಿ ತಗ್ಗಿಸಿದರು. “ಪಾಪ, ಇಷ್ಟು ಚಿಕ್ಕ ವಯಸ್ಸಿಗೇ? ವಿಧವೆ ಅಂತ ಬರೀತೀನಿ ಕಣಮ್ಮ, ಫೀಸು ಪೂರ್ತಿ ಮಾಫಿ ಆಗುತ್ತೆ.”

ಅರವತ್ತರ ದಶಕದ ಮಾತು. ಹಾಸನದ ಕೋರ್ಟಿನಲ್ಲಿ ನನ್ನ ವಿಚ್ಛೇದನದ ಕೇಸು ನಡೆಯುತ್ತಿತ್ತು. ತಾಳಿಯನ್ನು ಹಳ್ಳಿಮೈಸೂರಿನ ಗಂಡನ ಮನೆಯಲ್ಲೇ ಬಿಚ್ಚಿಟ್ಟು ಬಂದಿದ್ದೆ. ಫೀಸಿಗೆ ಕಾಸಿರಲಿಲ್ಲ. ಸುಮ್ಮನೆ ತಲೆಯಾಡಿಸಿದ್ದರೆ ಸಾಕಿತ್ತು.

ಪಕ್ಕದಲ್ಲಿದ್ದ ಅವ್ವ ಬಿಡಲಿಲ್ಲ. “ಅವನು ಅಳ್ಳಿಮೈಸೂರ್ನಾಗೆ ಗುಂಡುಕಲ್ಲಂಗವ್ನೆ ಸಾ. ಬದುಕಿರೋನ್ನ ಸಾಯ್ಸಿ ಇವಳು ಓದೋದು ಬ್ಯಾಡ. ಇವಳೇ ಅವನ್ನ ಬ್ಯಾಡ ಅಂತ ಬಿಟ್ಟು ಬಂದವ್ಳೆ. ಅಂಗೇ ಬರ್ಕಳಿ.”

ಒಳಗಿನಿಂದ ಕೇಳಿಸಿಕೊಂಡ ಪ್ರಿನ್ಸಿಪಾಲರು ಹೊರಬಂದು ಅವ್ವನಿಗೆ ಕುರ್ಚಿ ಹಾಕಿಸಿದರು. ಬಡ ವಿದ್ಯಾರ್ಥಿಗಳ ನಿಧಿಯಿಂದ ಅರ್ಧ ಫೀಸು ಕೊಡಿಸಿದರು. ಉಳಿದರ್ಧವನ್ನು ಅವ್ವ ಹಾಲು ಮಾರಿ ಹೊಂದಿಸಿದಳು.

ಊರಿನ ಹೆಂಗಸರು ನನ್ನನ್ನು ‘ಗಂಡ ಬಿಟ್ಟವಳು’ ಎಂದಾಗಲೆಲ್ಲ ಅವ್ವ ತಿದ್ದುತ್ತಿದ್ದಳು: “ಗಂಡ ಬಿಟ್ಟೋಳಲ್ಲ ಕಣಮ್ಮಿ, ಗಂಡನ್ನ ಬಿಟ್ಟೋಳು.”

ಮುಂದೆ ನಾನು ಕನ್ನಡ ಟೀಚರಾದೆ. ವಿಭಕ್ತಿ ಪ್ರತ್ಯಯದ ಪಾಠದಲ್ಲಿ ‘ಅನ್ನು’ ಬಂದಾಗಲೆಲ್ಲ ಅವ್ವನ ದನಿ ಕೇಳಿಸುತ್ತಿತ್ತು. ಬೋರ್ಡಿನ ಮುಂದೆ ನನ್ನ ಬೆನ್ನು ತಾನಾಗೇ ನೆಟ್ಟಗಾಗುತ್ತಿತ್ತು.